ಕೊನೆಗೆ ಮುಟ್ಟುವ ಗಿಡಗಳು

ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿದ ಮರುದಿನ ಬೆಳಿಗ್ಗೆ ಶಾಮಿಯಾನದವರು ಬಂದು ಕಂಬಗಳನ್ನು ಕಿತ್ತುಕೊಂಡು ಹೋದರು. ಅಂಗಳದಲ್ಲಿ ಹದಿನಾರು ಗುಳಿಗಳು ಉಳಿದವು. ಅತ್ತೆ ಅಪ್ಪಿ ಹಿಡಿಸೂಡಿ ಹಿಡಿದು ಒಂದೊಂದೇ ಗುಳಿಗೆ ಮಣ್ಣು ಎಳೆದು ಕಾಲಿನಿಂದ ಒತ್ತುತ್ತಿದ್ದರು. ಹದಿಮೂರು ದಿನ ಮನೆ ತುಂಬ ಜನರಿದ್ದರು. ಯಾರೋ ಅಡುಗೆ ಮಾಡಿದರು, ಯಾರೋ ಬಡಿಸಿದರು, ಯಾರೋ ಚೈತಾಲಿಗೆ ಇಲ್ಲಿ ಕೂರು, ಈಗ ಏಳು ಎಂದು ಹೇಳುತ್ತಿದ್ದರು. ಈ ಬೆಳಿಗ್ಗೆ ಯಾರೂ ಏನೂ ಹೇಳಲಿಲ್ಲ. ಅವಳು ಜಗಲಿಯ ಮೆಟ್ಟಿಲಲ್ಲಿ ನಿಂತು, ಮುಂದೇನು ಎಂದು ಯಾರಾದರೂ ಹೇಳಲಿ ಎಂಬಂತೆ ಕಾದಳು.

ಹೇಳಿದವರು ಮಾವ ಕರುಣಾಕರ.

“ಚೈತಾ, ಸ್ವಲ್ಪ ಪಂಪು ಹಾಕಿ ಬರ್ತೀಯಾ? ನನಗೆ ಆ ಕಡೆ ಹೋಗ್ಲಿಕ್ಕೆ ಕಾಲು ಬರುದಿಲ್ಲ.”

ಕಾಪುವಿನಿಂದ ಒಳಗೆ, ಮಜೂರಿನ ಈ ಮನೆಯ ಹಿಂದೆ ನಲವತ್ತು ಸೆಂಟ್ಸ್ ಗದ್ದೆ. ಮಸ್ಕತ್ತಿನಿಂದ ಮರಳಿದ ಚೈತಾಲಿಯ ಗಂಡ ಶ್ರವಣ್ ಅದರಲ್ಲಿ ಡ್ರಿಪ್ ಪೈಪು ಎಳೆದು, ಮೇಲೆ ಮಲ್ಚಿಂಗ್ ಶೀಟು ಹಾಸಿ, ಡಿಸೆಂಬರಿನಲ್ಲಿ ಇಪ್ಪತ್ತು ಸಾಲು ಟೊಮೆಟೊ ನೆಟ್ಟಿದ್ದ. ಫೆಬ್ರವರಿಯ ಒಂದು ಮಧ್ಯಾಹ್ನ ಉಡುಪಿಯಿಂದ ಪೈಪಿನ ಜಾಯಿಂಟು ತರುವಾಗ ಉದ್ಯಾವರ ಸೇತುವೆಯ ಹತ್ತಿರ ಅವನ ಬೈಕಿಗೆ ಲಾರಿ ತಾಗಿತು. ಮಣಿಪಾಲದ ಆಸ್ಪತ್ರೆಗೆ ತಲುಪುವಾಗ ಜೀವ ಇರಲಿಲ್ಲ. ಜಾಯಿಂಟುಗಳು ಚೀಲದಲ್ಲಿ ಹಾಗೆಯೇ ಇದ್ದವು; ಪೊಲೀಸರು ಅವನ್ನು ಚೈತಾಲಿಯ ಕೈಗೆ ಕೊಟ್ಟರು.

ಅವಳಿಗೆ ಇಪ್ಪತ್ತೊಂಬತ್ತು. ಮಂಗಳಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿ, ಮದುವೆಯ ತನಕ ಕಾರ್ಕಳದ ಕಾಲೇಜೊಂದರಲ್ಲಿ ಪಾಠ ಮಾಡಿದವಳು. ನಿನ್ನೆ ಸಂಜೆ ಹೊರಡುವಾಗ ಅಮ್ಮ ಅವಳ ಸೂಟ್‌ಕೇಸನ್ನು ತಾನೇ ತುಂಬಿಸಿ ಕೋಣೆಯ ಬಾಗಿಲಲ್ಲಿ ಇಟ್ಟು ಹೋಗಿದ್ದರು. ಭಾನುವಾರ ಅಣ್ಣ ಕಾರು ತರುತ್ತಾನೆ, ಕಾರ್ಕಳಕ್ಕೆ ಬಾ ಎಂದಿದ್ದರು. ಅವಳು ಆಗಲಿ ಎಂದಿದ್ದಳು. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಅವಳು ಆಗಲಿ ಎನ್ನುತ್ತಿದ್ದಳು.

ಗದ್ದೆಯ ಬೇಲಿಯ ತಡಮೆ ದಾಟಿದಾಗ ಮೊದಲು ಕಂಡದ್ದು ಬಣ್ಣ. ಮಣ್ಣಿನ ದಾರಿಗೆ ತಾಗಿದ ಮೂರು ಸಾಲು ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಹತ್ತಿರ ಹೋಗಿ ಒಂದು ಎಲೆ ಹಿಡಿದಳು. ಮೇಲೆ ಕೆಂಪು ದೂಳು, ದೂಳಿನ ಕೆಳಗೆ ಸೂಜಿಯಿಂದ ಚುಚ್ಚಿದಂಥ ಸಾವಿರ ಹಳದಿ ಚುಕ್ಕೆ. ಎಲೆಗೂ ಕಾಂಡಕ್ಕೂ ನಡುವೆ ಸಣ್ಣ ಬಲೆ. ಬಲೆಯ ಮೇಲೂ ದೂಳು.

ಅವಳಿಗೆ ಹೆಸರು ಗೊತ್ತಿತ್ತು. ಜೇಡನುಸಿ.

ಹದಿಮೂರು ದಿನ ಈ ದಾರಿಯಲ್ಲಿ ಎಷ್ಟು ಕಾರು, ಎಷ್ಟು ಬೈಕು, ಎಷ್ಟು ರಿಕ್ಷಾ ಬಂದವೋ. ಶ್ರವಣ್‌ಗೆ ಸ್ನೇಹಿತರು ಹೆಚ್ಚು. ಉಚ್ಚಿಲದಿಂದ, ಪಡುಬಿದ್ರಿಯಿಂದ, ಮಂಗಳೂರಿನಿಂದ ಬಂದರು. ಗದ್ದೆಯ ಅಂಚಿನಲ್ಲೇ ವಾಹನ ನಿಲ್ಲಿಸಿದರು. ಸೂತಕ ಕಳೆಯುವ ತನಕ ಮನೆಯವರು ಗಿಡ ಮುಟ್ಟಬಾರದು, ಗದ್ದೆಗೆ ಇಳಿಯಬಾರದು ಎಂದು ಮಾವ ಪಂಪನ್ನೂ ನಿಲ್ಲಿಸಿದ್ದರು. ಕೆಲಸದವರನ್ನು ತಡಮೆಯಿಂದಲೇ ಕಳುಹಿಸಿದ್ದರು. ಪಕ್ಕದ ಮನೆಯ ಜಿತೇಂದ್ರ ನೋಡಲಾರದೆ ಎರಡು ಸಂಜೆ ಬಂದು ಪಂಪಿನ ಗುಂಡಿ ಒತ್ತಿ ಹೋಗಿದ್ದನಂತೆ. ಹಾಗಾಗಿ ಗಿಡಗಳು ಸತ್ತಿರಲಿಲ್ಲ. ಆದರೆ ಬಿಸಿಲು, ದೂಳು, ಬಾಯಾರಿದ ಗಿಡ, ಈ ಮೂರೂ ಕೂಡಿದರೆ ನುಸಿಗೆ ಬೇರೆ ಏನೂ ಬೇಡ.

“ಅಕ್ಕಾರ!”

ಯಂಕವ್ವ ತಡಮೆಯ ಆಚೆ ನಿಂತಿದ್ದಳು, ಬುತ್ತಿಯ ಗಂಟು ಕಂಕುಳಲ್ಲಿ. ಬಾದಾಮಿ ಕಡೆಯವಳು. ಗಂಡ ಹೊಳೆಪ್ಪ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಹೋದರೆ ಇವಳು ಇಲ್ಲಿ ಗದ್ದೆಗೆ ಬರುತ್ತಿದ್ದಳು.

“ಒಳಗ ಬರ್ಲೇನ್ರಿ? ಯಜಮಾನ್ರು ಹದಿಮೂರು ದಿನ ಬಿಟ್ಟು ಬಾ ಅಂದಿದ್ರು. ನಾ ಬೆರಳ ಮಡಚಿ ಎಣಿಸೇನಿ.”

“ಬಾ.”

ಯಂಕವ್ವ ಒಳಗೆ ಬಂದಳು, ಗಿಡ ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು. ಅಳುವುದು ಶ್ರವಣ್‌ಗೋ ಗಿಡಕ್ಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು ಒಂದು ಗೂಟವನ್ನು ತೋರಿಸಿದಳು. ಗಿಡಕ್ಕೆ ಆಸರೆಯಾಗಿದ್ದ ಗೂಟದ ತುದಿಯಲ್ಲಿ ಒಂದು ಬಾಳೆನಾರಿನ ಗಂಟು.

“ಇದನ್ನ ಅಣ್ಣಾರ ಕಟ್ಯಾರ್ರಿ. ಹಿಂಗ ಆರು ಗಿಡಕ್ಕ ಕಟ್ಯಾರ. ‘ಯಂಕವ್ವ, ನಾರು ಕಟ್ಟಿದ್ದನ್ನ ಎಲ್ಲಾ ಮುಗಿದ ಮ್ಯಾಲ ಮುಟ್ಟು, ಮುಟ್ಟಿದ ಮ್ಯಾಲ ಬ್ಯಾರೆ ಸಾಲಿಗೆ ಹೋಗಬ್ಯಾಡ, ಸೀದಾ ಮನೀಗೆ ಹೋಗು’ ಅಂದಿದ್ರು.”

“ಯಾವಾಗ?”

“ತೀರಿಕೊಳ್ಳಾಕ ಒಂದು ವಾರ ಮೊದಲ್ರಿ. ಕಣ್ಣಿಗೆ ಒಂದು ಗಾಜು ಹಿಡಕೊಂಡು ಎಲಿ ಬುಡಕ ನೋಡ್ತಿದ್ರು. ಗಡಿಯಾರ ರಿಪೇರಿ ಮಾಡೋರ ಗತೆ. ನಾ ನಕ್ಕಿದ್ದೆ.”

ಚೈತಾಲಿ ಆ ನಾರಿನ ಗಂಟನ್ನು ಬೆರಳಲ್ಲಿ ತಿರುಗಿಸಿದಳು. ಹೇಳಲು ಇದ್ದದ್ದನ್ನು ಯಂಕವ್ವನಿಗೆ ಹೇಳುವಂತಿರಲಿಲ್ಲ.

ಜನವರಿಯಲ್ಲಿ ಕಾಯಿಗೆ ಹುಳ ಬಿದ್ದಾಗ ಶ್ರವಣ್ ಅಂಗಡಿಯಿಂದ ಒಂದು ಬಾಟ್ಲಿ ತಂದಿದ್ದ. ಅವಳು ಅದರ ಲೇಬಲ್ ಓದಿ, ಇದು ಕಾಯಿಹುಳವನ್ನು ಮಾತ್ರ ಕೊಲ್ಲುವ ಮದ್ದಲ್ಲ, ನುಸಿ ತಿಂದು ಬದುಕುವ ಹುಳಗಳನ್ನೂ ಕೊಲ್ಲುತ್ತದೆ, ಆಮೇಲೆ ನುಸಿ ಎದ್ದರೆ ಹಿಡಿಯಲು ಆಗುವುದಿಲ್ಲ, ಹೊಡೆಯುವ ಮೊದಲು ಎಲೆ ಮಗುಚಿ ನೋಡಿ ಎಂದಿದ್ದಳು. “ನಿನ್ನ ನೋಟ್ಸಲ್ಲಿ ಟೊಮೆಟೊ ಕಾಯಿ ಬಿಡ್ತದಾ ಮಾರಾಯ್ತಿ?” ಎಂದು ಅವನು ನಕ್ಕಿದ್ದ. ಜಿತೇಂದ್ರನೂ ಅಲ್ಲೇ ನಿಂತಿದ್ದ, ಅವನೂ ನಕ್ಕ. ಶ್ರವಣ್ ಎರಡು ಸಲ ಹೊಡೆದ. ಅಂದಿನಿಂದ ಅವಳು ಗದ್ದೆಗೆ ಇಳಿಯಲಿಲ್ಲ. ಅವನು ಬಾ ಎಂದು ಕರೆಯಲಿಲ್ಲ, ಅವಳು ಹೇಗುಂಟು ಎಂದು ಕೇಳಲಿಲ್ಲ. ಊಟಕ್ಕೆ ಕೂತಾಗ ಬೇರೆಲ್ಲ ಮಾತಾಡಿದರು, ಟೊಮೆಟೊ ಒಂದನ್ನು ಬಿಟ್ಟು. ಹೀಗೆ ಮೂರು ವಾರ ಕಳೆದಿತ್ತು.

ಪಂಪುಶೆಡ್ಡಿನಲ್ಲಿ ಮೊಳೆಗೆ ಅವನ ಕೆಲಸದ ಅಂಗಿ ನೇತಾಡುತ್ತಿತ್ತು. ಉದ್ದ ತೋಳಿನ ನೀಲಿ ಅಂಗಿ, ಮಸ್ಕತ್ತಿನ ಕಂಪೆನಿಯದು. ಜೇಬಿನಲ್ಲಿ ಅವಳ ಬೆರಳಿಗೆ ತಣ್ಣಗಿನದೇನೋ ತಾಗಿತು. ಮಡಿಚುವ ಸಣ್ಣ ಭೂತಗನ್ನಡಿ. ಅದರ ಕಿವಿಗೆ ಪೋಣಿಸಿದ ದಾರವೂ ಬಾಳೆನಾರು.

“ಅದ ನೋಡ್ರಿ ಗಾಜು,” ಎಂದಳು ಯಂಕವ್ವ. “ಶಂಕರಪುರದ ಮಲ್ಲಿಗಿ ಬಾಯಾರದು. ಜೆರ್ಟ್ರೂಡ್ ಬಾಯಿ ಅಂತಾರಲ್ರಿ, ಅವರದು. ಒಂದು ವಾರಕ್ಕಂತ ತಂದಿದ್ರು. ಐತವಾರ ತಿರುಗಿ ಕೊಡಬೇಕು, ನೆನಪು ಮಾಡು ಅಂದಿದ್ರು ನನಗ.”

ಚೈತಾಲಿ ಗಾಜನ್ನು ಕಣ್ಣಿಗೆ ತಾಗಿಸಿ ಎಲೆಯ ಕೆಳಬದಿಯನ್ನು ಹತ್ತಿರ ತಂದಳು. ಮೊದಲು ಮಂಜು. ಆಮೇಲೆ ಅವು ಕಂಡವು. ಎರಡೂ ಪಕ್ಕದಲ್ಲಿ ಕಪ್ಪು ಕಲೆ ಹೊತ್ತು ನಡೆಯುವ ಹಸಿರು-ಹಳದಿ ಜೀವಗಳು, ಎಂಟು ಕಾಲು, ನಡುವೆ ಗಾಜಿನ ಮಣಿಯಂಥ ಮೊಟ್ಟೆ. ಅವಳು ಎಣಿಸಿದಳು. ಒಂದು ಎಲೆಗೆ ಅರವತ್ತೆರಡು. ಮುಂದಿನ ಸಾಲಿಗೆ ಹೋಗಿ ಎಣಿಸಿದಳು, ಅದರ ಮುಂದಿನದಕ್ಕೆ ಹೋದಳು. ಒಂಬತ್ತನೆಯ ಸಾಲಿನಿಂದ ಆಚೆ, ಬಾವಿಯ ಕಡೆಗೆ, ಒಂದೂ ಇರಲಿಲ್ಲ. ಪಂಪು ಹಾಕಿ ಬರಲು ಹೋದವಳು ಹಿಂದಿರುಗಿದಾಗ ಹತ್ತೂವರೆ ಆಗಿತ್ತು.

ಆ ಮಧ್ಯಾಹ್ನ ಜಿತೇಂದ್ರ ಬಂದ. ಅವನಿಗೆ ಎರಡು ಎಕರೆ ತೆಂಗು ಉಂಟು, ಎಲ್ಲದಕ್ಕೂ ಒಂದು ಸಲಹೆ ಉಂಟು.

“ಶ್ರವಣ್ ತಂದ ಬಾಟ್ಲಿಯಲ್ಲಿ ಅರ್ಧ ಉಳಿದಿದೆ ಅಲ್ವಾ ಕರುಣಾಕರಣ್ಣ? ಡಬಲ್ ಹಾಕಿ ಹೊಡೆಯುವ. ನಾನೇ ಹೊಡೆದು ಕೊಡ್ತೇನೆ.”

“ಅದರಿಂದಲೇ ಎದ್ದದ್ದು,” ಎಂದಳು ಚೈತಾಲಿ.

ಇಬ್ಬರೂ ತಿರುಗಿ ನೋಡಿದರು. ಅವಳು ತಾನಾಗಿ ಮಾತು ತೆಗೆದು ಎರಡು ವಾರ ಆಗಿತ್ತು.

“ಹಾಗಾದ್ರೆ ಕಿತ್ತು ಸುಡುವ,” ಎಂದರು ಕರುಣಾಕರ. ಅವರು ಕೂತಲ್ಲಿಂದ ಏಳಲಿಲ್ಲ. “ಯಾರಿಗೆ ಬೇಕು ಇನ್ನು? ಪೈಪೆಲ್ಲ ಸುತ್ತಿ ಇಡುವ. ನೀನು ಭಾನುವಾರ ಹೋಗುವವಳು. ನನಗೆ ಅದನ್ನು ನೋಡ್ಲಿಕ್ಕೆ ಆಗುದಿಲ್ಲ ಮಗಾ. ನೀರು ನಿಲ್ಲಿಸಿದ್ದು ನಾನು. ಶಾಸ್ತ್ರ ಅಂತ ನಿಲ್ಲಿಸಿದೆ. ಅವನು ನೆಟ್ಟದ್ದನ್ನು ನಾನೇ ಒಣಗಿಸಿದೆ.”

ಹಿತ್ತಿಲಿನಲ್ಲಿ ಅತ್ತೆಯ ಹಿಡಿಸೂಡಿಯ ಸದ್ದು ನಿಂತಿತು.

“ನುಸಿ ಮೊದಲೇ ಇತ್ತು ಮಾವ,” ಎಂದಳು ಚೈತಾಲಿ. “ಅವರಿಗೆ ಗೊತ್ತಿತ್ತು. ಆರು ಗಿಡಕ್ಕೆ ಗುರುತು ಕಟ್ಟಿ ಇಟ್ಟಿದ್ದಾರೆ. ಬನ್ನಿ, ತೋರಿಸ್ತೇನೆ.”

ಅವರು ಬರಲಿಲ್ಲ. ಆದರೆ ಸುಡುವ ಮಾತನ್ನೂ ಮತ್ತೆ ಎತ್ತಲಿಲ್ಲ. ಎಷ್ಟು ದಿನ ಬೇಕು ಎಂದು ಕೇಳಿದರು. ನಾಲ್ಕು ವಾರ ಎಂದಳು. ಬಾವಿ ಕಡೆಯ ಸಾಲುಗಳಿಗೆ ಹತ್ತಿದರೆ ಮಾತ್ರ ಎಲ್ಲವನ್ನೂ ಕೀಳುವುದು, ಆಗ ತಾನು ಅಡ್ಡ ಬರುವುದಿಲ್ಲ, ಹೀಗೆ ಒಪ್ಪಂದವಾಯಿತು.

ಸಂಜೆ ಕಾರ್ಕಳಕ್ಕೆ ಫೋನು ಮಾಡಿ, ಟೊಮೆಟೊ ಕೊಯ್ದು ಆದ ಮೇಲೆ ಬರುತ್ತೇನೆ ಎಂದಳು. “ಈಗ ಟೊಮೆಟೊ ಯಾರಿಗೆ ಬೇಕು ಮಗಾ?” ಎಂದರು ಅಮ್ಮ. ಎರಡು ಮನೆಯಲ್ಲೂ ಅದೇ ಪ್ರಶ್ನೆ. ಗಿಡಗಳು ಇದ್ದವು, ಅಷ್ಟೆ.

ದಾರಿಯ ಪಕ್ಕದ ಎರಡು ಸಾಲನ್ನು ಕೀಳಲೇಬೇಕಾಯಿತು. ಗಿಡವನ್ನು ಎಳೆದುಕೊಂಡು ಹೋದರೆ ದಾರಿಯುದ್ದಕ್ಕೂ ನುಸಿ ಉದುರುತ್ತದೆ. ಆದ್ದರಿಂದ ನಿಂತಲ್ಲೇ ಗೋಣಿಯೊಳಗೆ ಇಳಿಸಿ, ಬಾಯಿ ಕಟ್ಟಿ, ಆಮೇಲೆ ಬುಡ ಕತ್ತರಿಸಿದರು. ಆ ಸಾಲುಗಳಲ್ಲೇ ಇದ್ದ, ನಾರಿನ ಗಂಟಿನ ಆರು ಗೂಟಗಳನ್ನು ಚೈತಾಲಿ ತೆಗೆದು, ಮೂರನೆಯ ಸಾಲಿನಿಂದ ಒಂಬತ್ತನೆಯ ತನಕ ಹೆಚ್ಚು ಹತ್ತಿದ ಗಿಡಗಳ ಬಳಿ ಊರಿದಳು. ಉಳಿದ ಗಿಡಗಳ ಕೆಳಗಿನ ಎಲೆಗಳನ್ನು ಸವರಿ ತೆಗೆದರು. ಬೆಳಿಗ್ಗೆ ಬಿಸಿಲೇರುವ ಮೊದಲು ಪೈಪಿನ ಬಾಯಿಯನ್ನು ಬೆರಳಲ್ಲಿ ಒತ್ತಿ, ಎಲೆಯ ಕೆಳಬದಿಗೆ ಜೋರಾಗಿ ನೀರು ಹೊಡೆದು ದೂಳನ್ನೂ ಬಲೆಯನ್ನೂ ತೊಳೆದರು. ದಾರಿಯ ಕಡೆಯ ಸಾಲುಗಳಿಗೆ ಮಾತ್ರ, ಒಂದು ಸಂಜೆ ಸೆಕೆ ಇಳಿದ ಮೇಲೆ, ನೀರಿನಲ್ಲಿ ಕಲಸುವ ಗಂಧಕ ಹೊಡೆದರು. ಬಿಸಿಲಲ್ಲಿ ಹೊಡೆದರೆ ಎಲೆಯೇ ಸುಡುತ್ತದೆ. ಬೇರೆ ಯಾವ ಮದ್ದೂ ಇಲ್ಲ. ಯಾವ ದಿನವೂ ಕೆಲಸ ಬಾವಿಯ ಕಡೆಯಿಂದಲೇ ಆರಂಭ, ನಾರು ಕಟ್ಟಿದ ಗಿಡಗಳಲ್ಲಿ ಮುಕ್ತಾಯ.

“ನಮ್ಮ ಕಡೆ ಮೆಣಸಿನ ಗಿಡಕ್ಕ ನುಸಿ ಬಂದ್ರ ಎಲಿ ಮುಟಿಗಿ ಆಕ್ಕಾವ್ರಿ,” ಎನ್ನುತ್ತಿದ್ದಳು ಯಂಕವ್ವ. “ನಮ್ಮತ್ತಿ ದೃಷ್ಟಿ ಆಗೇತಿ ಅಂತ ಹೊಲಕ್ಕ ಹರಕು ಚಪ್ಪಲಿ ಕಟ್ಟಾಕಿ. ನಾನೂ ಒಂದು ಕಟ್ಲೇನ್ರಿ?”

“ಕಟ್ಟು. ಜಿತೇಂದ್ರಣ್ಣ ಸಲಹೆ ಕೊಡ್ಲಿಕ್ಕೆ ಬರುದು ನಿಲ್ಲಬಹುದು.”

ಯಂಕವ್ವ ನಕ್ಕು, ನಕ್ಕದ್ದು ತಪ್ಪಾಯಿತೋ ಎಂದು ಅವಳ ಮುಖ ನೋಡಿದಳು. ಚೈತಾಲಿಗೂ ತಾನು ಹೇಳಿದ್ದು ಆಮೇಲೆ ಕೇಳಿಸಿತು.

ಮೂರನೆಯ ದಿನ ಬೆಳಿಗ್ಗೆ ದಾರಿಯಲ್ಲಿ ನೀರಿನ ಸದ್ದು. ಕರುಣಾಕರ ಅಂಗಳದ ಪೈಪನ್ನು ಎಳೆದು ತಂದು ಮಣ್ಣಿನ ದಾರಿಯನ್ನು ಒದ್ದೆ ಮಾಡುತ್ತಿದ್ದರು. ಎಂಟು ಗಂಟೆಗೆ ಶಾಲೆಯ ವ್ಯಾನು ಹೋಗುವ ಮೊದಲು ಮುಗಿಸಿದರು. ಗದ್ದೆಯ ಕಡೆ ತಿರುಗಿ ನೋಡಲಿಲ್ಲ. ಅಂದಿನಿಂದ ಒಂದು ದಿನವೂ ಅವರು ತಪ್ಪಿಸಲಿಲ್ಲ.

ನಾಲ್ಕು ದಿನಕ್ಕೊಮ್ಮೆ ಚೈತಾಲಿ ಸಾಲಿಗೆ ಐದು ಎಲೆಯಂತೆ ನೋಡಿ ಎಣಿಸುತ್ತಿದ್ದಳು. ಅರವತ್ತೆರಡು ನಲವತ್ತಕ್ಕೆ ಇಳಿಯಿತು, ಆಮೇಲೆ ಇಪ್ಪತ್ತೆಂಟಕ್ಕೆ. ಗಾಜಿನ ಕೆಳಗೆ ಇರುವಷ್ಟು ಹೊತ್ತು ಅವಳಿಗೆ ಬೇರೆ ಏನೂ ಇರಲಿಲ್ಲ. ಗಾಜು ಮಡಿಚಿದ ಕೂಡಲೆ ಎಲ್ಲವೂ ಇತ್ತು.

ಹನ್ನೆರಡನೆಯ ದಿನ ಹದಿನಾಲ್ಕನೆಯ ಸಾಲಿನ ಒಂದು ಎಲೆಯಲ್ಲಿ ಹಳದಿ ಚುಕ್ಕೆ ಕಂಡಿತು. ಮಗುಚಿ ನೋಡಿದಳು. ಏಳು. ಹದಿನೈದರಲ್ಲಿ ಹನ್ನೊಂದು. ಬಾವಿಯ ಕಡೆಯ, ಶುದ್ಧವಾಗಿದ್ದ ಸಾಲುಗಳು.

ಅವಳು ಅಲ್ಲೇ ಕೂತಳು. ಕ್ರಮ ಒಂದು ದಿನವೂ ತಪ್ಪಿರಲಿಲ್ಲ. ಗಾಳಿಯಿಂದ ಬಂದಿದ್ದರೆ ದಾರಿಗೆ ಹತ್ತಿರದ ಸಾಲುಗಳಿಗೆ ಮೊದಲು ಹತ್ತಬೇಕಿತ್ತು. ಹತ್ತು, ಹನ್ನೊಂದು ಖಾಲಿ ಇದ್ದವು. ಪೈಪಿನ ವಾಲ್ವ್ ಇದ್ದದ್ದು ಹದಿನಾಲ್ಕು, ಹದಿನೈದರ ನಡುವೆ; ಪ್ರತಿದಿನ ಬೆಳಿಗ್ಗೆ ಅದನ್ನು ತಿರುಗಿಸಿ ಅವಳು ಕೆಲಸ ಶುರು ಮಾಡುವ ಜಾಗ ಅದೇ.

ಯಂಕವ್ವ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಹೇಳಲೋ ಬೇಡವೋ ಎಂದು ಸೆರಗಿನ ತುದಿ ತಿರುವಿದಳು.

“ಅಕ್ಕಾರ, ಒಂದು ಮಾತು. ಸಿಟ್ಟಾಗಬ್ಯಾಡ್ರಿ.”

“ಹೇಳು.”

“ಆ ಅಂಗಿ ಎಂದ ಒಗದೀರಿ?”

ಚೈತಾಲಿ ತೊಟ್ಟದ್ದು ಶ್ರವಣ್‌ನ ನೀಲಿ ಅಂಗಿ. ಮೊದಲ ದಿನ ಮೊಳೆಯಿಂದ ತೆಗೆದು ಹಾಕಿಕೊಂಡವಳು ದಿನವೂ ಕೆಲಸ ಮುಗಿದ ಮೇಲೆ ಅದೇ ಮೊಳೆಗೆ ಸಿಕ್ಕಿಸಿ, ಮರುದಿನ ಅದನ್ನೇ ತೊಟ್ಟುಕೊಂಡಿದ್ದಳು. ಒಗೆದಿರಲಿಲ್ಲ. ಕಾಲರಿನಲ್ಲಿ, ಕಂಕುಳಲ್ಲಿ ಅವನ ಬೆವರಿನ ವಾಸನೆ ಇನ್ನೂ ಇತ್ತು. ಮನೆಯೊಳಗೆ ಅವನ ಬಟ್ಟೆಗಳನ್ನೆಲ್ಲ ಸಂಬಂಧಿಕರು ಒಗೆದು, ಮಡಿಚಿ, ಹಂಚಿ ಮುಗಿಸಿದ್ದರು.

ಅವಳು ತೋಳಿನ ಮಡಿಕೆಯನ್ನು ಬಿಡಿಸಿ ಗಾಜು ಹಿಡಿದಳು. ನೀಲಿ ನೂಲುಗಳ ನಡುವೆ ಅವು ನಡೆಯುತ್ತಿದ್ದವು. ನಿನ್ನೆ ಕೊನೆಗೆ ಮುಟ್ಟಿದ ಗಿಡಗಳಿಂದ ಹತ್ತಿದವು, ರಾತ್ರಿ ಅಂಗಿಯಲ್ಲಿ ಕಳೆದು, ಬೆಳಿಗ್ಗೆ ಮೊದಲ ಗಿಡಕ್ಕೆ ಇಳಿಯಲು ಹೊರಟಿದ್ದವು. ಹನ್ನೆರಡು ದಿನ ತಾನೇ ಹೊತ್ತು ತಂದು ಬಿಟ್ಟಿದ್ದಳು.

“ನಾ ಒಗೀಲೇನ್ರಿ?” ಎಂದಳು ಯಂಕವ್ವ ಮೆಲ್ಲಗೆ.

“ಬೇಡ.”

ಬಾವಿಯ ಬಳಿ ಒಗೆಯುವ ಕಲ್ಲು. ಬಚ್ಚಲ ಹಂಡೆಯಿಂದ ಬಿಸಿನೀರು ತಂದು ಬಕೆಟಿನಲ್ಲಿ ಅಂಗಿಯನ್ನು ಮುಳುಗಿಸಿದಳು. ಮುಳುಗುವ ಮೊದಲು ಒಂದು ಸಲ ಕಾಲರನ್ನು ಮೂಗಿಗೆ ಒತ್ತಿಕೊಂಡಳು. ಸೋಪು ಹಾಕಿದಳು, ಬ್ರಷ್ಷಿನಲ್ಲಿ ತಿಕ್ಕಿದಳು, ಕಲ್ಲಿಗೆ ಬಡಿದಳು. ಕೆಂಪು ನೀರು ಕಲ್ಲಿನ ಮೇಲೆ ಹರಿದು ಬಾಳೆಯ ಬುಡಕ್ಕೆ ಹೋಯಿತು. ಇನ್ನೊಂದು ಸಲ ಸೋಪು ಹಾಕಿದಳು. ಹದಿಮೂರು ದಿನ ಹತ್ತಾರು ಹೆಂಗಸರು ಅವಳನ್ನು ತಬ್ಬಿ ಅಳಿಸಲು ನೋಡಿದ್ದರು. ಅವಳಿಗೆ ಅಳು ಬಂದಿರಲಿಲ್ಲ. ಈಗ ಕಲ್ಲಿನ ಮುಂದೆ ಬಗ್ಗಿ ನಿಂತು, ಅಂಗಿಯನ್ನು ಹಿಂಡುತ್ತಾ ಅತ್ತಳು. ಯಂಕವ್ವ ಆ ಕಡೆ ಬೆನ್ನು ಹಾಕಿ ಎಲೆ ಸವರುತ್ತಲೇ ಇದ್ದಳು.

ಸಂಜೆ ಅವಳು ಮಾವನ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಾವಿ ಕಡೆಗೂ ಹತ್ತಿದೆ, ಹತ್ತಿಸಿದ್ದು ತಾನು, ಅಂಗಿಯಿಂದ. ಒಪ್ಪಂದದ ಪ್ರಕಾರ ನಾಳೆ ಕೀಳಬಹುದು.

ಕರುಣಾಕರ ಹಗ್ಗದ ಮೇಲೆ ಒಣಗುತ್ತಿದ್ದ ನೀಲಿ ಅಂಗಿಯನ್ನು ನೋಡಿದರು. ತೋಳುಗಳು ಕೆಳಗೆ ಜೋತು ಬಿದ್ದು ನೀರು ತೊಟ್ಟಿಕ್ಕುತ್ತಿತ್ತು.

“ಒಗೆದೆಯಾ?”

“ಒಗೆದೆ.”

“ಎಲ್ಲ ಹೋಯ್ತಾ?”

ನುಸಿಯ ಬಗ್ಗೆ ಕೇಳಿದರೋ ಬೇರೆ ಯಾವುದರ ಬಗ್ಗೆ ಕೇಳಿದರೋ ಅವಳಿಗೆ ತಿಳಿಯಲಿಲ್ಲ. ಹೋಯಿತು ಎಂದಳು.

“ಹಾಗಾದ್ರೆ ಮತ್ತೊಂದು ವಾರ ನೋಡುವ,” ಎಂದರು. “ನಾನು ಶಾಸ್ತ್ರ ಮಾಡ್ಲಿಕ್ಕೆ ಹೋಗಿ ಒಣಗಿಸಿದೆ. ನೀನು ಹೀಗೆ. ಇಬ್ಬರದ್ದೂ ಸಮ ಆಯ್ತಲ್ಲ.”

ಅಂದಿನಿಂದ ಅಂಗಿಯನ್ನು ದಿನವೂ ಒಗೆದಳು. ನಾಲ್ಕನೆಯ ಒಗೆತಕ್ಕೆ ಅದರಲ್ಲಿ ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಹದಿನಾಲ್ಕು ಮತ್ತು ಹದಿನೈದನೆಯ ಸಾಲುಗಳಿಗೂ ನಾರು ಕಟ್ಟಿ, ಹತ್ತಿದ ಎಲೆಗಳನ್ನು ಚಿವುಟಿ ಚೀಲಕ್ಕೆ ಹಾಕಿ, ಬೆಳಿಗ್ಗೆ ಬೆಳಿಗ್ಗೆ ತೊಳೆದರು. ಮುಂದಿನ ಎಣಿಕೆಯಲ್ಲಿ ಏಳು ಐದಾಗಿತ್ತು. ಅದರ ಮುಂದಿನದರಲ್ಲಿ ಒಂದು.

ಐದನೆಯ ವಾರದ ಒಂದು ಬೆಳಿಗ್ಗೆ ಗಾಜಿನ ಕೆಳಗೆ ಹೊಸದೊಂದು ಕಂಡಿತು. ಸಾಸಿವೆಗಿಂತ ಸಣ್ಣ, ಮಿರುಗುವ ಕಪ್ಪು ಜೀರುಂಡೆ. ನುಸಿಯ ಮೊಟ್ಟೆಗಳ ನಡುವೆ ನಿಂತು ಒಂದೊಂದನ್ನೇ ಮುಗಿಸುತ್ತಿತ್ತು. ಬಾಟ್ಲಿಯ ಮದ್ದಿಗೆ ಸತ್ತವುಗಳ ಜಾಗಕ್ಕೆ ಎಲ್ಲಿಂದಲೋ ಮತ್ತೆ ಬಂದಿತ್ತು. ಅವಳು ಹಾಗೆಯೇ ಎಲೆ ಹಿಡಿದು, ದಾರಿಯಲ್ಲಿ ನೀರು ಬಿಡುತ್ತಿದ್ದ ಮಾವನನ್ನು ಕರೆದಳು.

ಕರುಣಾಕರ ಪೈಪು ಕೆಳಗಿಟ್ಟು ತಡಮೆ ದಾಟಿದರು. ಮಗ ಹೋದ ಮೇಲೆ ಗದ್ದೆಗೆ ಇಟ್ಟ ಮೊದಲ ಹೆಜ್ಜೆ. ಗಾಜನ್ನು ತೋಳುದ್ದ ದೂರ ಹಿಡಿದು, ಪೇಪರು ಓದುವವರಂತೆ ಕಣ್ಣು ಕಿರಿದು ಮಾಡಿದರು.

“ಎಂತದೂ ಕಾಣುದಿಲ್ಲ.”

“ಕಣ್ಣಿಗೆ ತಾಗಿಸಿ ಹಿಡಿಯಿರಿ ಮಾವ. ಆಮೇಲೆ ಎಲೆಯನ್ನು ಹತ್ತಿರ ತನ್ನಿ.”

ಅವರು ಹಿಡಿದರು. ಬಹಳ ಹೊತ್ತು ನೋಡಿದರು.

“ತಿಂತಾ ಉಂಟು ಮಾರಾಯ್ತಿ,” ಎಂದರು.

ಏಪ್ರಿಲ್ ಮೊದಲ ವಾರ ಹಣ್ಣು ಕೊಯ್ದರು. ಇಪ್ಪತ್ತು ಸಾಲಿನಲ್ಲಿ ಎರಡನ್ನು ಮೊದಲೇ ಕಿತ್ತಾಗಿತ್ತು, ಏಳರಲ್ಲಿ ಹಣ್ಣು ನಿಂಬೆಯಷ್ಟು ಸಣ್ಣ. ಉಳಿದ ಹನ್ನೊಂದು ಸಾಲಿನ ಹಣ್ಣು ಹೇಗಿರಬೇಕೋ ಹಾಗೆ ಇತ್ತು. ಅತ್ತೆ ಮೊದಲ ಬುಟ್ಟಿಯನ್ನು ಒಳಗೆ ಕೊಂಡುಹೋಗಿ, ಶ್ರವಣ್‌ನ ಫೋಟೋದ ಕೆಳಗಿಟ್ಟು, ಹತ್ತು ನಿಮಿಷದ ಮೇಲೆ ತೆಗೆದು ಸಾರಿಗೆ ಹೆಚ್ಚಿದರು. ಊಟದ ಹೊತ್ತಿಗೆ ಕರುಣಾಕರ ತಟ್ಟೆಯತ್ತಲೇ ನೋಡುತ್ತಾ, ಮಳೆಗಾಲ ಕಳೆದು ಅದೇ ಪೈಪಿನಲ್ಲಿ ಬದನೆ ಹಾಕಬಹುದಾ, ಅದಕ್ಕೂ ನುಸಿ ಬರ್ತದಾ ಎಂದು ಕೇಳಿದರು. ಬರ್ತದೆ ಎಂದಳು ಚೈತಾಲಿ. ಸೂಟ್‌ಕೇಸು ಎರಡು ವಾರದ ಹಿಂದೆಯೇ ಅಟ್ಟಕ್ಕೆ ಹೋಗಿತ್ತು. ಅದನ್ನು ಇಟ್ಟವರು ಯಾರೆಂದು ಅವಳು ಕೇಳಲಿಲ್ಲ.

ಮರುದಿನ ಮಣಿಪಾಲಕ್ಕೆ ಹೋಗಿ, ಕಾಲೇಜಿನ ಲ್ಯಾಬುಗಳಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಒಂದು ಭೂತಗನ್ನಡಿ ಕೊಂಡಳು. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವಂಥದ್ದು, ಅದೇ ಅಳತೆಯದು. ಬರುವಾಗ ಕಾರ್ಕಳಕ್ಕೆ ಫೋನು ಮಾಡಿದಳು. ಈ ಸಲ ಅಮ್ಮ ಟೊಮೆಟೊದ ಮಾತು ಎತ್ತಲಿಲ್ಲ. ಯಾವಾಗಲಾದರೂ ಬಂದು ಎರಡು ದಿನ ಇದ್ದು ಹೋಗು ಎಂದರು. ಸಂಜೆ ನಾಲ್ಕಕ್ಕೆ, ಚೀಲದಲ್ಲಿ ಟೊಮೆಟೊ ಹಾಕಿಕೊಂಡು, ಶಂಕರಪುರದಲ್ಲಿ ಬಸ್ಸಿನಿಂದ ಇಳಿದಳು.

ಜೆರ್ಟ್ರೂಡ್ ಬಾಯಿಗೆ ಎಪ್ಪತ್ತರ ಹತ್ತಿರ. ಸಿಟೌಟಿನಲ್ಲಿ ಕಾಲು ಚಾಚಿ ಕೂತು, ಮಡಿಲಲ್ಲಿ ಒದ್ದೆ ಬಾಳೆನಾರು ಇಟ್ಟುಕೊಂಡು ಮಲ್ಲಿಗೆ ಕಟ್ಟುತ್ತಿದ್ದರು. ಬಂದವಳು ಯಾರೆಂದು ಹೇಳಿದಾಗ ಅವರ ಕೈ ನಿಂತಿತು, ಆಮೇಲೆ ಮತ್ತೆ ಕಟ್ಟತೊಡಗಿತು.

“ಕೂತ್ಕೊ ಮಗಾ. ನಾನು ಬೊಜ್ಜಕ್ಕೆ ಬರ್ಲಿಲ್ಲ. ಮಂಡಿ. ಮತ್ತೆ, ನಿಜ ಹೇಳ್ತೇನೆ, ನಿನ್ನ ಗಂಡನ ಮೇಲೆ ನನಗೆ ಸಿಟ್ಟಿತ್ತು. ಒಂದು ವಾರಕ್ಕೆ ಅಂತ ಲೆನ್ಸ್ ಕೊಂಡು ಹೋದ. ಹತ್ತು ದಿನ ಆಯ್ತು, ಹದಿನೈದು ಆಯ್ತು. ಎಂತ ಜನ ಅಂತ ದಿನಾ ಬೈತಿದ್ದೆ. ಮತ್ತೆ ನೋಡಿದ್ರೆ ಪೇಪರಲ್ಲಿ ಬೊಜ್ಜದ ಫೋಟೋ. ಬೈದದ್ದಕ್ಕೆ ಇಗರ್ಜಿಗೆ ಹೋಗಿ ಕ್ಯಾಂಡಲ್ ಹಚ್ಚಿದೆ.”

“ನನಗೆ ಬೇಕಿತ್ತು ಬಾಯಿ. ಅದಕ್ಕೆ ತಡ ಮಾಡಿದೆ.”

“ಅವನಿಗೆ ಹಿಡಿಲಿಕ್ಕೇ ಗೊತ್ತಿರ್ಲಿಲ್ಲ,” ಎಂದರು ಜೆರ್ಟ್ರೂಡ್. “ಇಷ್ಟು ದೂರ ಹಿಡಿದು, ‘ಎಂತದೂ ಕಾಣುದಿಲ್ಲ ಬಾಯಿ, ಗಾಜು ಹಾಳಾಗಿದೆ’ ಅಂದ. ಹಾಳಾದ್ದು ಗಾಜಲ್ಲ ಮಾರಾಯ, ಕಣ್ಣಿಗೆ ತಾಗಿಸು ಅಂದೆ. ಮಲ್ಲಿಗೆಗೂ ನುಸಿ ಬರ್ತದೆ. ಬಂದ ಗಿಡಕ್ಕೆ ನಾರು ಕಟ್ಟಿ ಕಡೆಗೆ ಮುಟ್ಟುದು ನಮ್ಮ ಅಮ್ಮನ ಕಾಲದ ಕ್ರಮ. ಅದನ್ನೂ ಹೇಳಿದೆ. ನಿಮ್ಮ ಮನೆಯಲ್ಲೇ ಕಲಿತವಳು ಇದ್ದಾಳೆ, ಇಲ್ಲಿಗೆ ಯಾಕೆ ಬಂದೆ ಅಂತ ಕೇಳಿದೆ.”

“ಏನು ಹೇಳಿದರು?”

“ನಕ್ಕ. ‘ಅವಳು ಹೇಳಿದ್ದೇ ಸರಿ ಅಂತ ಮೊದಲು ನಾನು ಕಣ್ಣಲ್ಲಿ ನೋಡ್ಬೇಕು, ಆಮೇಲೆ ಹೇಳ್ತೇನೆ. ಈಗ ಹೇಳಿದ್ರೆ ಊಟಕ್ಕೆ ಕೂತಾಗ ದಿನಾ ಕ್ಲಾಸ್ ಉಂಟು’ ಅಂದ.”

ಚೈತಾಲಿ ಸಿಟೌಟಿನ ಕೆಂಪು ನೆಲವನ್ನು ನೋಡುತ್ತಾ ಕೂತಳು. ಜೆರ್ಟ್ರೂಡ್ ಎಂಟು ಹತ್ತು ಹೂ ಕಟ್ಟಿದರು. ಕೊನೆಗೆ ಚೀಲದಿಂದ ಇಣುಕಿದ ಹೊಸ ಗಾಜು ಅವರ ಕಣ್ಣಿಗೆ ಬಿತ್ತು. ಕೈ ನೀಡಿ ತೆಗೆದುಕೊಂಡರು. ಮಡಿಲಿನ ಒದ್ದೆ ನಾರೊಂದನ್ನು ಸೀಳಿ, ಗಾಜಿನ ಕಿವಿಗೆ ಪೋಣಿಸಿ, ಮಲ್ಲಿಗೆಗೆ ಹಾಕುವ ಗಂಟನ್ನೇ ಹಾಕಿ ಹಿಂದೆ ಕೊಟ್ಟರು.

“ಕುತ್ತಿಗೆಗೆ ಹಾಕಿಕೊ. ಜೇಬಿನಲ್ಲಿ ಇಟ್ಟರೆ ಗೀರು ಬೀಳ್ತದೆ.”

ಅಭ್ಯಾಸದಂತೆ ಕಟ್ಟಿದ ಮಾಲೆಯಿಂದ ಒಂದು ಮೊಳ ಕತ್ತರಿಸಿ ಕೊಡಲು ಹೋದವರು ತಡೆದರು. ವಿಧವೆಗೆ ಹೂ ಕೊಡುವುದೋ ಬಿಡುವುದೋ ಎಂಬುದು ಅವರ ಮುಖದಲ್ಲಿ ಕ್ಷಣ ಹೊತ್ತು ನಿಂತಿತು. ಆಮೇಲೆ ಬಾಳೆ ಎಲೆಯಲ್ಲಿ ಸುತ್ತಿ ಅವಳ ಪಕ್ಕಕ್ಕೆ ಇಟ್ಟರು.

“ಫೋಟೋಕ್ಕೆ ಹಾಕು, ಇಲ್ಲವಾ ಮುಡಿ. ನಾನು ಕೇಳುವವಳಲ್ಲ.”

ಚೈತಾಲಿ ಹಳೆಯ ಭೂತಗನ್ನಡಿಯನ್ನು ಚೀಲದ ಒಳಜೇಬಿನಿಂದ ತೆಗೆದಳು. ಗಾಜು ಬಿಡಿಸಿ, ಸೆರಗಿನ ಅಂಚಿನಿಂದ ಎರಡೂ ಬದಿ ಒರೆಸಿ, ಮತ್ತೆ ಮಡಿಚಿದಳು. ಶ್ರವಣ್‌ನ ಜೇಬಿನಲ್ಲಿದ್ದ ನಾರು ಒಣಗಿ ಕಂದಾಗಿ ಅದರಲ್ಲೇ ಇತ್ತು, ಅದನ್ನು ಬಿಚ್ಚಲಿಲ್ಲ.

“ಒಂದು ವಾರಕ್ಕೆ ಕೇಳಿದ್ದರು,” ಎಂದಳು. “ತಡವಾಯಿತು ಬಾಯಿ.”

ಜೆರ್ಟ್ರೂಡ್ ಒದ್ದೆ ಕೈಯನ್ನು ಮಡಿಲಿಗೆ ಒರೆಸಿಕೊಂಡು ಚಾಚಿದರು. ಅವಳು ಅದನ್ನು ಆ ಅಂಗೈಯಲ್ಲಿ ಇಟ್ಟಳು.